ಚಿತ್ರಕ್ಕೆ ಅಂಟದ ಅಕ್ಷರಗಳು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಅಂಗಡಿಗಳ ಜಾಹೀರಾತು, ಕಾರ್ಖಾನೆಗಳ ಸುರಕ್ಷತಾ ಪಾಠ, ಯಾವ ವಿಡಿಯೋ ಬಂದರೂ ಹನ್ನೊಂದು ವರ್ಷದಿಂದ ಕತ್ತರಿಸಿ ಜೋಡಿಸುವವಳು ಅವಳೇ. ಕತ್ತರಿಸುವುದಕ್ಕಿಂತಲೂ ಅವಳ ಕೈ ಪಳಗಿದ್ದು ಕೊನೆಯ ಹಂತದಲ್ಲಿ, ಸಿದ್ಧವಾದ ವಿಡಿಯೋವನ್ನು ಫೈಲಾಗಿ ಹೊರತೆಗೆಯುವ ಎಕ್ಸ್‌ಪೋರ್ಟ್‌ನಲ್ಲಿ. ಫೋನಿಗೆ ಯಾವ ಅಳತೆ, ದೊಡ್ಡ ಪರದೆಗೆ ಯಾವುದು, ಎಷ್ಟು ಕುಗ್ಗಿಸಿದರೆ ಮುಖ ಕಲಸಿಹೋಗುತ್ತದೆ ಎಂಬುದೆಲ್ಲ ಗಿರಾಕಿ ಬಾಯಿ ತೆರೆಯುವ ಮೊದಲೇ ಅವಳಿಗೆ ಗೊತ್ತಿರುತ್ತಿತ್ತು.

ಸ್ಟುಡಿಯೋ ಯಜಮಾನರಿಗೆ ಒಂದೇ ಹಠ. "ನಾನು ಲೈಟು ಹಾಕಿ ಒದ್ದಾಡಿ ತೆಗೆದ ಮುಖದ ಮೇಲೆ ನೀನು ಅಕ್ಷರ ಮೆತ್ತಬೇಡ ಕಣಮ್ಮ" ಎನ್ನುತ್ತಿದ್ದರು. ಹಾಗಾಗಿ ಮಾತಿನ ಬರಹ, ಅಂದರೆ ಸಬ್‌ಟೈಟಲ್, ಚಿತ್ರಕ್ಕೆ ಅಂಟದೆ ಪಕ್ಕದಲ್ಲಿ ಬೇರೊಂದು ಫೈಲಾಗಿ ಹೋಗುತ್ತಿತ್ತು, ಬೇಕಾದವರು ಹಾಕಿಕೊಳ್ಳಲಿ ಎಂದು. ಆ ಸೆಟ್ಟಿಂಗನ್ನೆಲ್ಲ ಅವಳು 'ಮಾಮೂಲಿ' ಎಂಬ ಹೆಸರಲ್ಲಿ ಉಳಿಸಿಟ್ಟಿದ್ದಳು. ಒತ್ತುವಾಗ ಬೆರಳು ಅವಳ ಅಪ್ಪಣೆಗೆ ಕಾಯುತ್ತಿರಲಿಲ್ಲ.

ಅವಳ ಅಪ್ಪ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುವವನು. ಸಾಲುಮಗ್ಗಗಳ ಗದ್ದಲದ ನಡುವೆ ಮೂವತ್ತೈದು ವರ್ಷ ನಿಂತ ಮನುಷ್ಯ. ಕಿವಿ ಒಂದೇ ಸಲ ಹೋಗಲಿಲ್ಲ. ಮೊದಲು ಬಾಗಿಲ ಸದ್ದು ಹೋಯಿತು, ಆಮೇಲೆ ಹೆಂಡತಿಯ ದನಿ, ಹದಿನೈದು ವರ್ಷದ ಹಿಂದೆ ಉಳಿದದ್ದೂ ಹೋಯಿತು. ಗಿರಣಿಯವರು ಕಿವಿಗೆ ತುರುಕಿಕೊಳ್ಳಲು ಎರಡು ಚೂರು ಹತ್ತಿ ಕೊಟ್ಟು ಕೈ ತೊಳೆದುಕೊಂಡರು. ಮಾತಾಡಲು ಅವನಿಗೆ ಬರುತ್ತಿತ್ತು, ಸ್ವಲ್ಪ ಗಟ್ಟಿಯಾಗಿ. ಎದುರಿಗೆ ನಿಂತು ಮೆಲ್ಲಗೆ ಆಡಿದ ಒಂದೆರಡು ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದ. ನಾಲ್ಕು ಜನ ಸೇರಿದರೆ ಮುಗಿಯಿತು, ಯಾರ ತುಟಿ ಅಂತ ನೋಡುತ್ತಾನೆ?

ಮನೆಯಲ್ಲಿ ಊಟಕ್ಕೆ ಕೂತಾಗ ಯಾರೋ ಏನೋ ಅಂದು ಎಲ್ಲರೂ ಬಿದ್ದು ಬಿದ್ದು ನಗುವರು. ಅಪ್ಪನೂ ನಗುವನು. ನಕ್ಕು ಮುಗಿಸಿ, "ಏನಂತೆ?" ಎನ್ನುವನು. ಆಗ ಯಾರಾದರೊಬ್ಬರು ಅಂಗೈ ಎತ್ತಿ ಸನ್ನೆ ಮಾಡುವರು: ಆಮೇಲೆ. ಆ ಆಮೇಲೆ ಯಾವತ್ತೂ ಬರಲಿಲ್ಲ. ಆರಿಹೋದ ತಮಾಷೆಯನ್ನು ಬಿಸಿಮಾಡಿ ಬಡಿಸುವ ತಾಳ್ಮೆ ಯಾರಿಗಿತ್ತು? ಅತಿ ಹೆಚ್ಚು ಸಲ ಅಂಗೈ ಎತ್ತಿದವಳು ಕತ್ತರಿಯೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಪ್ಪ ನಿವೃತ್ತಿಯಾಗುವ ದಿನಕ್ಕೆ ಒಂದು ವಿಡಿಯೋ ಮಾಡುತ್ತೇನೆ ಎಂದು ಅವಳು ಹೊರಟಿದ್ದು ಇದಕ್ಕೇ. ಈ ಒಂದು ಸಲವಾದರೂ ಎಲ್ಲರಿಗೂ ತಿಳಿದಾಗಲೇ ಅಪ್ಪನಿಗೂ ತಿಳಿಯಬೇಕು. ಗಿರಣಿಯ ಒಂಬತ್ತು ಜನರನ್ನು ಮಾತಾಡಿಸಿ ತಂದಳು. ಒಂದೊಂದು ಮಾತನ್ನೂ ತಾನೇ ಟೈಪು ಮಾಡಿ, ಅಪ್ಪ ಓದುವ ವೇಗಕ್ಕೆ ಸರಿಯಾಗಿ ನಿಲ್ಲಿಸಿದಳು. ಕೊನೆಯಲ್ಲಿ ಇಟ್ಟದ್ದು ಪಕ್ಕದ ಮಗ್ಗದ ಉದ್ದಣ್ಣನ ಮಾತು. ಆ ಮಾತಿಗಾಗಿಯೇ ಉಳಿದ ಎಂಟು ಜನ ಇದ್ದರು ಎಂದರೂ ತಪ್ಪಿಲ್ಲ.

ಆ ದಿನ ಬೆಳಿಗ್ಗೆ ಯಜಮಾನರ ಎರಡು ಜಾಹೀರಾತಿನ ನಡುವೆ ಅದನ್ನೂ ಎಕ್ಸ್‌ಪೋರ್ಟಿಗೆ ಹಾಕಿದಳು. ಬೆರಳು 'ಮಾಮೂಲಿ'ಯ ಮೇಲೆ ಒತ್ತಿತು. ಮುಗಿದ ಮೇಲೆ ತೆರೆದು ನೋಡಿದಳು, ಅಕ್ಷರಗಳು ಅಚ್ಚುಕಟ್ಟಾಗಿ ಮೂಡುತ್ತಿದ್ದವು. ಮೂಡದೆ ಏನು, ಬರಹದ ಫೈಲು ಅದೇ ಫೋಲ್ಡರಿನಲ್ಲಿ ಪಕ್ಕದಲ್ಲೇ ಕೂತಿತ್ತು, ಕಂಪ್ಯೂಟರು ತಾನಾಗಿಯೇ ಅದನ್ನೆತ್ತಿಕೊಂಡು ತೋರಿಸುತ್ತಿತ್ತು! ಅವಳು ವಿಡಿಯೋ ಒಂದನ್ನೇ ಪೆನ್ ಡ್ರೈವಿಗೆ ಹಾಕಿಕೊಂಡು ಬಸ್ಸು ಹತ್ತಿದಳು.

ಗಿರಣಿಯ ಕ್ಯಾಂಟೀನಿನಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿದ್ದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊಸ ಕನ್ನಡಕ ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಎಲ್ಲರಿಗೂ ಹೇಳಿಕೊಂಡಿದ್ದ, "ನನ್ನ ಮಗಳು ಅಕ್ಷರ ಹಾಕಿದ್ದಾಳೆ, ಇವತ್ತು ನೀವು ನನಗೆ ಏನೂ ಹೇಳೋದೇ ಬೇಡ!"

ಚಿತ್ರ ಶುರುವಾಯಿತು. ಕೆಳಗೆ ಅಕ್ಷರವಿಲ್ಲ.

ಬರಹದ ಫೈಲು ಸ್ಟುಡಿಯೋದಲ್ಲೇ ಉಳಿದಿತ್ತು. ಸ್ಟುಡಿಯೋ ಒಂದು ಗಂಟೆಯ ದಾರಿ, ಅರ್ಧ ಗಂಟೆಯಲ್ಲಿ ಮುಂದಿನ ಪಾಳಿಯ ಸೈರನ್ ಕೂಗುತ್ತದೆ, ಜನ ಎದ್ದು ಹೋಗುತ್ತಾರೆ. ಅಪ್ಪನ ಪಕ್ಕ ಓಡಿಹೋಗಿ ಕೂತು ಸಿಕ್ಕಿದ ಕಾಗದದ ಹಿಂದೆ ಬರೆಯತೊಡಗಿದಳು. ಅವಳು ಒಂದು ಸಾಲು ಬರೆಯುವಷ್ಟರಲ್ಲಿ ಪರದೆಯ ಮೇಲೆ ಇಬ್ಬರು ಮಾತಾಡಿ ಹೋಗಿದ್ದರು. ಅಪ್ಪ ಅವಳ ಕೈ ಮೇಲೆ ಕೈಯಿಟ್ಟು, "ಇರಲಿ ಬಿಡಮ್ಮ" ಎಂದ. ಜನ ನಕ್ಕಲ್ಲಿ ನಗುತ್ತ ಕೂತ. ಅದರಲ್ಲಿ ಅವನು ನುರಿತವನು.

ಕೊನೆಗೆ ಪರದೆಗೆ ಉದ್ದಣ್ಣ ಬಂದ. ತಲೆ ತಗ್ಗಿಸಿಕೊಂಡೇ ಹೇಳಿದ: "ಹದಿನೈದು ವರ್ಷ ನಿನ್ನೆದುರಿಗೇ ನಿನ್ನನ್ನ ಆಡ್ಕೊಂಡಿದ್ದೀನಿ ಮಾರಾಯ. ನಿನ್ನ ಮುಖ ನೋಡ್ಕೊಂಡೇ ನಿನಗೆ ಹೆಸರಿಟ್ಟು ಎಲ್ಲರನ್ನೂ ನಗಿಸ್ದೆ. ನೀನೂ ಜೊತೇಲಿ ನಗ್ತಿದ್ದೆ. ನಿನ್ನ ಆ ನಗು ನನ್ನನ್ನ ಕೊರೀತಾ ಇದೆ. ಕ್ಷಮಿಸ್ಬಿಡು."

ಕ್ಯಾಂಟೀನು ಗಪ್‌ಚುಪ್ಪಾಯಿತು. ಗೆಳೆಯನ ಮುಖ ಕಂಡ ಖುಷಿಗೆ ಅಪ್ಪ ಹಲ್ಲೆಲ್ಲ ಕಾಣುವಂತೆ ನಕ್ಕು ತೊಡೆ ತಟ್ಟಿದ. ನಗು ತನ್ನೊಬ್ಬನದೇ ಎಂದು ಗೊತ್ತಾದದ್ದು ಸುತ್ತ ನೋಡಿದ ಮೇಲೆ. ಬಾಗಿಲ ಬಳಿ ನಿಂತಿದ್ದ ಉದ್ದಣ್ಣ ಮುಖ ತಿರುಗಿಸಿಕೊಂಡು ಹೊರಗೆ ಹೋಗುತ್ತಿದ್ದ. ಆ ಮೌನದಲ್ಲಿ ಅಪ್ಪ ತನ್ನ ದೊಡ್ಡ ದನಿಯಲ್ಲಿ ಕೇಳಿದ, "ಏನಂದ?"

ಕತ್ತರಿ ಅಂಗೈ ಎತ್ತಿದಳು. ಎತ್ತಿದ ಮೇಲೆಯೇ ಅದು ಅವಳಿಗೆ ಗೊತ್ತಾಯಿತು.

ಮರುದಿನ ಅಕ್ಷರಗಳನ್ನು ಚಿತ್ರಕ್ಕೇ ಅಂಟಿಸಿ ತಂದು ಮನೆಯ ಟಿವಿಯಲ್ಲಿ ಹಾಕಿದಳು. ಅಪ್ಪ ಕನ್ನಡಕ ಒರೆಸಿಕೊಂಡು ಎಂಟು ಜನರನ್ನೂ ಓದಿದ, ತಲೆದೂಗಿದ. ಉದ್ದಣ್ಣನ ಮಾತನ್ನು ಎರಡು ಸಲ ಹಾಕಿಸಿ ಓದಿದ. ಆಮೇಲೆ ರಿಮೋಟು ತೆಗೆದುಕೊಂಡು ಟಿವಿ ಆರಿಸಿದ.

"ಇದನ್ನ ಅಷ್ಟು ಜನರ ಮುಂದೆ ಹೇಳಿದ್ನಾ?"

ಅವಳು ಹೌದೆಂದು ತಲೆಯಾಡಿಸಿದಳು.

"ನಾನಾಗ ನಗ್ತಾ ಇದ್ದೆ, ಅಲ್ವಾ?"

ಈ ಪ್ರಶ್ನೆಗೆ ಅಂಗೈ ಎತ್ತುವಂತಿರಲಿಲ್ಲ. ಅವಳು ಮತ್ತೆ ತಲೆಯಾಡಿಸಿದಳು.