ಐದು ಸ್ವರಗಳ ಸಾಲು

ಕೊರೋನಾ ಕಳೆದ ಮರುವರ್ಷ. ಬಂಟ್ವಾಳದ ಶಾಲೆಯೊಂದರಲ್ಲಿ ಸಂಗೀತದ ಮೇಷ್ಟ್ರಾಗಿದ್ದ ನನಗೆ ನಿವೃತ್ತಿ ಹತ್ತಿರವಾಗಿತ್ತು. ವಯೊಲಿನ್ ನುಡಿಸುವುದರ ಜೊತೆಗೆ ಮಕ್ಕಳ ಅಭ್ಯಾಸಕ್ಕಾಗಿ ವರ್ಣಗಳೆಂಬ ಸ್ವರರಚನೆಗಳನ್ನು ಮಾಡುತ್ತಿದ್ದೆ. ಹೊಗಳಿದರೆ ಉಬ್ಬುವ ಮನುಷ್ಯ ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪುತ್ತಿಗೆಯ ತಮ್ಮ ಮನೆಯಲ್ಲೇ ಹಾಡು ಕಲಿಸುತ್ತಿದ್ದ ವಾರಿಜಕ್ಕ ಒಂದು ಸಂಜೆ ಮೂಡುಬಿದಿರೆಯ ಬಸ್ಸಿಳಿದು ನಮ್ಮಲ್ಲಿಗೆ ಬಂದರು. ಗಂಟಲಿನ ಗಡ್ಡೆಯ ಬಯಾಪ್ಸಿ ವರದಿ ಬಂದಿತ್ತು. ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಿತ್ತು.

“ಮಾಷ್ಟ್ರೇ, ಮೇಲಿನ ಸ್ವರಕ್ಕೆ ಹೋಗ್ಲಿಕ್ಕೆ ಈಗ್ಲೇ ಆಗುದಿಲ್ಲ. ಕೆಳಗೆ ಸ್ವಲ್ಪ ಸ್ವರ ಉಂಟು. ಅಷ್ಟರಲ್ಲೇ ಒಂದು ಮಾಡಿ ಕೊಡಿ. ಮಕ್ಕಳಿಗೆ ಕಲಿಸಿಯೇ ಆಸ್ಪತ್ರೆಗೆ ಹೋಗ್ತೇನೆ” ಎಂದರು.

“ಎಂಥ ಮಾತಾಡ್ತೀರಿ ಮಾರಾಯ್ತಿ” ಎಂದೆ. ಆದರೂ ವಯೊಲಿನ್ ಪೆಟ್ಟಿಗೆ ತೆರೆದೆ.

ಶುಭಪಂತುವರಾಳಿ ರಾಗ ಹಿಡಿದೆ. ವರ್ಣದ ಉತ್ತರಾರ್ಧದಲ್ಲಿ ಒಂದೊಂದು ಸ್ವರಗುಚ್ಛ ಮುಗಿದಾಗಲೂ ಚರಣದ ಅದೇ ಸಾಲಿಗೆ ಮರಳಬೇಕು. ಆ ಸಾಲನ್ನು ಗ ರಿ ಸ ನಿ, ಮತ್ತೆ ಸ, ಹೀಗೆ ಐದೇ ಸ್ವರಗಳಲ್ಲಿ ಕಟ್ಟಿದೆ. ಅವರ ಕಂಠಕ್ಕೆ ಎಟಕುತ್ತಿದ್ದುದೇ ಅಷ್ಟು. ಏರುವ ಸ್ವರಗುಚ್ಛಗಳನ್ನು ನಾನು ನುಡಿಸುತ್ತಿದ್ದೆ, ಸಾಲು ಬಂದಲ್ಲಿ ಅವರು ಹಾಡುತ್ತಿದ್ದರು. ದಿನದಿಂದ ದಿನಕ್ಕೆ ಗಾಳಿಯೇ ಹೆಚ್ಚು, ಧ್ವನಿ ಕಡಿಮೆ. ಆದರೂ ನಿಷಾದವನ್ನು, ಎಂದರೆ ಆ ‘ನಿ’ಯನ್ನು, ಎಲ್ಲಿ ನಿಲ್ಲಿಸಬೇಕೆಂದು ಶಿಷ್ಯೆ ಸೌಮ್ಯಳಿಗೆ ಬಿಡದೆ ತಿದ್ದಿ ತಿದ್ದಿ ಕಲಿಸಿದರು.

ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ಧ್ವನಿ ಹೋಯಿತು.

ಕೆಲವು ತಿಂಗಳ ಬಳಿಕ ಅವರ ಮನೆಯ ಚಾವಡಿಯಲ್ಲಿ ಮಕ್ಕಳ ಹಾಡಿನ ಕಾರ್ಯಕ್ರಮ ಇಟ್ಟುಕೊಂಡೆವು. ನಾನೊಂದು ಏರ್ಪಾಡು ಮಾಡಿದ್ದೆ. ಸ್ವರಗುಚ್ಛಗಳನ್ನು ಸೌಮ್ಯ ಹಾಡಬೇಕು, ಜೊತೆಗೆ ನಾನು ವಯೊಲಿನ್ ನುಡಿಸಬೇಕು. ಆ ಸಾಲು ಬರುವಲ್ಲಿ ಇಬ್ಬರೂ ಸುಮ್ಮನಾಗಬೇಕು, ಶ್ರುತಿಪೆಟ್ಟಿಗೆ ಮಾತ್ರ ಕೇಳಬೇಕು. ಅದೇ ವಾರಿಜಕ್ಕನಿಗೆ ಸಲ್ಲಿಸುವ ಗೌರವ ಎಂದುಕೊಂಡಿದ್ದೆ. ಮೊದಲ ಸಲ ಸುಮ್ಮನಾದಾಗ ಕುಳಿತವರು ಕಣ್ಣೊರೆಸಿಕೊಂಡರು. ನನಗೆ ಒಳಗೊಳಗೇ ಹೆಮ್ಮೆ.

ಎರಡನೆಯ ಸಲ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಎದುರು ಕುಳಿತಿದ್ದ ವಾರಿಜಕ್ಕ ಪಟಪಟನೆ ತೊಡೆಗೆ ಬಡಿದರು. ಸಿಟ್ಟಿನಿಂದ ಮುಖ ಕೆಂಪಾಗಿತ್ತು. ಸೌಮ್ಯಳತ್ತ ಕೈ ತೋರಿಸಿ ತುಟಿ ಆಡಿಸಿದರು.

“ಹಾಡ್ಲಿಕ್ಕೆ ಹೇಳ್ತಾ ಇದ್ದಾಳೆ” ಎಂದರು ಅವರ ಗಂಡ ಲಕ್ಷ್ಮಣಣ್ಣ, ಮೆಲ್ಲಗೆ. “ಅವಳು ಅಷ್ಟು ಕಷ್ಟಪಟ್ಟು ಕಲಿಸಿದ್ದು ಸುಮ್ಮನೆ ಕೂತ್ಕೊಳ್ಳಿಕ್ಕಾ, ಮಾಷ್ಟ್ರೇ?”

ನಾಚಿಕೆಯಾಯಿತು. ಒಂದು ಸಾಲು ಮತ್ತೆ ಮತ್ತೆ ಬರಬೇಕೆಂದು ಕಟ್ಟಿದ ಮೇಲೆ ಅದು ಯಾರ ಬಾಯಿಂದಲಾದರೂ ಬರಲೇಬೇಕು, ತಡೆದು ನಿಲ್ಲಿಸಲು ನಾವು ಯಾರು? ಇಷ್ಟು ವರ್ಷದ ಕೆಲಸ ನನಗೆ ಕೊನೆಗೆ ಕಲಿಸಿದ್ದು ಇದನ್ನೇ. ಸೌಮ್ಯಳಿಗೆ ತಲೆಯಾಡಿಸಿ ಕಮಾನು ಎತ್ತಿದೆ.

ಅವಳು ಅಳುತ್ತಲೇ ಹಾಡಿದಳು. ನಿಷಾದ ತುಸು ಇಳಿದಿತ್ತು. ವಾರಿಜಕ್ಕ ತೊಡೆಯ ಮೇಲೆ ಹಾಕುತ್ತಿದ್ದ ತಾಳ ನಿಲ್ಲಿಸಿ, ಬೆರಳೆತ್ತಿ, ಇನ್ನೊಮ್ಮೆ ಎಂದು ಸನ್ನೆ ಮಾಡಿದರು.