ಒಂದಕ್ಕೆ ಹೋಗಲು ಅಪ್ಪಣೆ

ಆ ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ವಿಭಾಗ ನೆಲಮಾಳಿಗೆಯಲ್ಲಿತ್ತು. ಮೇಲೆ ಯಾರು ಯಾರೋ ಹೊರಳಾಡಿ ಎದ್ದ ಹಾಸಿಗೆಗಳ ಚಾದರಗಳು ಕೊಳವೆಯೊಳಗಿಂದ ದೊಪ್ಪನೆ ಅಲ್ಲಿಗೆ ಬೀಳುತ್ತಿದ್ದವು. ಒಗೆದ ಚಾದರಗಳನ್ನು ಇಸ್ತ್ರಿ ಯಂತ್ರಕ್ಕೆ ಕೊಡುವ ಕೆಲಸ ದೊಡ್ಡಮ್ಮನದು. ಆಕೆ ಅಲ್ಲಿ ಯಾರಿಗೂ ನಿಜವಾದ ದೊಡ್ಡಮ್ಮನಲ್ಲ; ವಯಸ್ಸು, ಗಾತ್ರ, ಬಾಯಿ ಮೂರರಲ್ಲೂ ಉಳಿದವರಿಗಿಂತ ದೊಡ್ಡವಳಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಚಾದರದ ಕಲೆ ನೋಡಿ ಅದರ ಮೇಲೆ ಮಲಗಿದವರ ಚರಿತ್ರೆ ಹೇಳುತ್ತಿದ್ದಳು. ಹೆಂಗಸರು ‘ಥೂ’ ಎನ್ನುತ್ತಲೇ ಹತ್ತಿರ ಸರಿಯುತ್ತಿದ್ದರು.

ಮೇಲ್ವಿಚಾರಕನನ್ನು ಅವರೆಲ್ಲ ಬೆನ್ನ ಹಿಂದೆ ‘ಪೀಪಿ’ ಎನ್ನುತ್ತಿದ್ದರು. ಕುತ್ತಿಗೆಗೆ ಸದಾ ಒಂದು ಪೀಪಿ. ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. ಊದುತ್ತಿದ್ದ, ಬೆರಳು ತೋರಿಸುತ್ತಿದ್ದ. ಒಂದಕ್ಕೆ ಹೋಗಬೇಕಾದರೂ ಅವನ ಮೇಜಿನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಅಪ್ಪಣೆ ಬೇಡಬೇಕು. ಅದು ಅವನೇ ಮಾಡಿದ ಕಾನೂನು. ದೊಡ್ಡಮ್ಮನಾದರೆ “ಸಾರ್, ತಡೆಯೋಕಾಗಲ್ಲ” ಎಂದು ಕೂಗಿ, ಅವನು ತಲೆ ಎತ್ತುವಷ್ಟರಲ್ಲಿ ಬಾಗಿಲು ದಾಟಿರುತ್ತಿದ್ದಳು.

ಬೇಸಿಗೆಯಲ್ಲಿ ಹೊಸಬಳೊಬ್ಬಳು ಬಂದಳು. ಕೈ ಚುರುಕು, ಮಾತು ತೊದಲು. ಪೀಪಿಗೆ ಆಟದ ಸಾಮಾನು ಸಿಕ್ಕಂತಾಯಿತು.

“ಏನು? ಪೂರ್ತಿ ಹೇಳು.”

“ಸಾ... ಸಾರ್, ಬಾ... ಬಾ... ಬಾತ್‌ರೂಮ್...”

“ಬಾ ಬಾ ಅಂತ ಕರೀತಿದೀಯಲ್ಲೇ, ನಾನೂ ಬರ್ಬೇಕಾ?”

ಇಡೀ ಕೋಣೆ ನಕ್ಕಿತು. ದೊಡ್ಡಮ್ಮನೂ ನಕ್ಕಳು, ಎಲ್ಲರಿಗಿಂತ ಜೋರಾಗಿ.

ಆಡಳಿತದವರು ಸುಮ್ಮನೆ ಕೂತಿದ್ದರು ಎಂದರೆ ತಪ್ಪಾಗುತ್ತದೆ. ಕೆಲಸದ ಜಾಗದಲ್ಲಿ ಕಿರುಕುಳ ತಡೆಯುವುದು ಹೇಗೆಂದು ಅದೇ ತಿಂಗಳು ತರಬೇತಿ ಇಟ್ಟಿದ್ದರು. ಪೀಪಿ ಮುಂದಿನ ಸಾಲಿನಲ್ಲಿ ಕೂತು ಬಾಯ್ತುಂಬ ಹೊಗಳಿ ಚಪ್ಪಾಳೆ ತಟ್ಟಿದ. ‘ಎಲ್ಲರನ್ನೂ ಗೌರವಿಸಿ’ ಎಂಬ ಪೋಸ್ಟರನ್ನು ತನ್ನ ಮೇಜಿನ ಹಿಂದೆ ಅಂಟಿಸಿಕೊಂಡ. ಗೋಡೆಯ ಬಿರುಕು ಮುಚ್ಚಲು ಅದು ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

ಹೊಸಬಳು ಅಪ್ಪಣೆ ಕೇಳುವುದನ್ನೇ ಬಿಟ್ಟಳು. ಕೇಳಬಾರದೆಂದರೆ ಹೋಗಬಾರದು, ಹೋಗಬಾರದೆಂದರೆ ನೀರು ಕುಡಿಯಬಾರದು. ಒಲೆಯಂತಹ ಆ ಕೋಣೆಯಲ್ಲಿ ಒಂದು ಮಧ್ಯಾಹ್ನ ಚಾದರದ ರಾಶಿಯ ಮೇಲೆ ಕುಸಿದುಬಿದ್ದಳು. ಯಂತ್ರದ ಮೇಲೆ ಬೀಳದಿದ್ದದ್ದು ಪುಣ್ಯ.

ದೊಡ್ಡಮ್ಮ ಮುಖಕ್ಕೆ ನೀರು ಚಿಮುಕಿಸಿ, ಬೈಯುತ್ತಲೇ ವಿಷಯ ಹೊರಡಿಸಿದಳು. ಕೇಳಿ ಮೈ ಉರಿದುಹೋಯಿತು.

“ನಾಳೆ ಆ ಪೀಪೀನ ಅವನ ಗಂಟಲಿಗೇ ತುರುಕ್ತೀನಿ, ನೋಡ್ತಿರು!”

“ಬೇ... ಬೇಡ. ನೀವೂ ನ... ನಕ್ರಲ್ಲ, ದೊಡ್ಡಮ್ಮ.”

ದೊಡ್ಡಮ್ಮ ಸೆರಗಿನಿಂದ ಹುಡುಗಿಗೆ ಗಾಳಿ ಹಾಕತೊಡಗಿದಳು.

“ನಕ್ಕೆ ಕಣೇ. ತಪ್ಪಾಯ್ತು. ಈಗ ಏನ್ ಮಾಡ್ಲಿ, ನೀನೇ ಹೇಳು.”

“ಒ... ಒಬ್ಳೇ ಅವನ ಮುಂದೆ ನಿ... ನಿಲ್ಲೋಕಾಗಲ್ಲ.”

“ಒಬ್ಳೇ ಯಾಕೆ ನಿಲ್ತೀಯಾ?”

ಮರುದಿನ ಊಟದ ಹೊತ್ತಿಗೆ ಮಾತು ಕೋಣೆಯೆಲ್ಲ ಸುತ್ತಿ ಬಂದಿತ್ತು. ಹೊಸಬಳು ಎಲ್ಲರೆದುರು ಬಾಟಲಿ ನೀರು ಗಟಗಟ ಕುಡಿದು ಮೇಜಿನ ಮುಂದೆ ಹೋಗಿ ನಿಂತಳು. ಪೀಪಿ ಹಲ್ಲು ಕಿರಿಯುವಷ್ಟರಲ್ಲಿ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಹೆಂಗಸರೆಲ್ಲ ಬಂದು ಅವಳ ಬೆನ್ನಿಗೆ ನಿಂತರು.

“ನಿಮಗೇನ್ರೇ ಬಂತು?”

“ಅವಳಿಗೆ ಬಂದಿದ್ದೇ ಸಾರ್,” ಎಂದಳು ದೊಡ್ಡಮ್ಮ. “ನಮಗೂ ಒಂದಕ್ಕೆ.”

“ಎಲ್ರಿಗೂ ಒಟ್ಟಿಗೇನಾ?”

“ಅದಕ್ಕೇನು ಗಡಿಯಾರ ಇರುತ್ತಾ ಸಾರ್?”

ಅವನು ಪೀಪಿ ಊದಿದ. ಕೆನ್ನೆ ಉಬ್ಬಿ ಮುಖ ಕೆಂಪಾಗುವವರೆಗೆ ಊದಿದ. ಅಷ್ಟರಲ್ಲಿ ಕೋಣೆ ಖಾಲಿ.

ಮೇಲೆ ಅತಿಥಿಗಳು ಪೆಟ್ಟಿಗೆ ಹಿಡಿದು ಕಾಯತೊಡಗಿದರು. ಹಾಸಿಗೆಗಳೆಲ್ಲ ಬರಿಮೈಯಲ್ಲಿ ಬಿದ್ದಿದ್ದವು. ಕೊನೆಗೆ ಮ್ಯಾನೇಜರ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ನೆಲಮಾಳಿಗೆಗೆ ಇಳಿದ. ಅವನು ಆ ಮೆಟ್ಟಿಲು ಕಂಡದ್ದು ಅಂದೇ ಮೊದಲು. ಪಾಯಿಖಾನೆಯ ಮುಂದೆ ನೆರೆದ ಹೆಂಗಸರನ್ನು ನೋಡಿ, ಎತ್ತ ನೋಡುವುದೆಂದು ತಿಳಿಯದೆ ಚಾವಣಿ ನೋಡಿದ.

“ಏನಮ್ಮಾ ಇದು, ಮುಷ್ಕರವಾ?”

“ಅಲ್ಲ ಸಾರ್, ಮೂತ್ರ,” ಎಂದಳು ದೊಡ್ಡಮ್ಮ.

ನಗು ಅಡಗಿದ ಮೇಲೆ ಹೊಸಬಳೇ ಮುಂದೆ ಬಂದು ಹೇಳತೊಡಗಿದಳು. ಅವಳು ತಡವರಿಸಿದಲ್ಲೆಲ್ಲ ಮ್ಯಾನೇಜರ್ ಪದ ಕೊಡಲು ಹೋದ.

“ತಡೀರಿ ಸಾರ್,” ಎಂದಳು ದೊಡ್ಡಮ್ಮ. “ಅವಳ ಮಾತು ಅವಳೇ ಮುಗಿಸ್ಲಿ.”

ಅವಳು ಮುಗಿಸಿದಳು. ಮ್ಯಾನೇಜರ್ ಹಿಂದೆ ನಿಂತಿದ್ದ ಪೀಪಿ ಕೈ ಹೊಸಕುತ್ತಾ, “ಸುಮ್ನೆ ತಮಾಷೆಗೆ ಸಾರ್” ಎಂದ.

“ತ... ತಮಾಷೆ ಆಗಿದ್ರೆ ನಾ... ನಾನೂ ನಗ್ತಿದ್ದೆ.”

ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಬಾಯಿ ಬಿಟ್ಟರು. ಕೆಲವರದು ಆ ಹುಡುಗಿ ಬರುವುದಕ್ಕೂ ಹಿಂದಿನ ಸಂಗತಿ. ಮ್ಯಾನೇಜರ್ ಚಾವಣಿ ನೋಡುವುದನ್ನು ಬಿಟ್ಟು ಅವರ ಮುಖ ನೋಡಿದ. ಅಪ್ಪಣೆಯ ಕಾನೂನು ಅಲ್ಲೇ, ಪಾಯಿಖಾನೆಯ ಬಾಗಿಲಲ್ಲೇ ಸತ್ತಿತು. ವಿಚಾರಣೆ ನಡೆದು ಪೀಪಿಯನ್ನು ಕಾರು ನಿಲ್ಲಿಸುವ ಜಾಗಕ್ಕೆ ಕಳಿಸಿದರು. ಅಲ್ಲಿ ಊದಿಸಿಕೊಳ್ಳಲು ಕಾರುಗಳಿಗೆ ಬೇಸರವಿರಲಿಲ್ಲ. ಮುಂದೆ ಯಾರಿಗೆ ಏನಾದರೂ ಹೊಸಬಳನ್ನು ಮುಂದಿಟ್ಟುಕೊಂಡೇ ಮೇಲಕ್ಕೆ ಹೋಗುತ್ತಿದ್ದರು. ಅವಳು ಮಾತು ಮುಗಿಸುವವರೆಗೆ ಕುರ್ಚಿಯಿಂದ ಏಳದೆ ಕೇಳುವುದು ಮ್ಯಾನೇಜರಿಗೂ ಅಭ್ಯಾಸವಾಯಿತು. ದೊಡ್ಡಮ್ಮನ ನಾಲಿಗೆ ಏನೂ ಮೊಂಡಾಗಲಿಲ್ಲ. ಯಾರ ಮೇಲಾದರೂ ಚಟಾಕಿ ಹಾರಿಸುವ ಮೊದಲು ಅವರ ಮುಖ ನೋಡುವುದನ್ನು ಮಾತ್ರ ಕಲಿತಳು.

ಇದೆಲ್ಲ ಆಮೇಲಿನ ಮಾತು. ಯಂತ್ರಗಳು ನಿಂತ ದಿನ ಸಂಜೆ ದೊಡ್ಡಮ್ಮ ಮನೆಗೆ ಹೋದವಳೇ ಗಂಡನ ಮುಂದೆ ಕೈ ಬಾಯಿ ಆಡಿಸಿ ಕಥೆಯನ್ನೆಲ್ಲ ಹೇಳಿದಳು. ಅವನು ಬಸ್ ಡ್ರೈವರ್. ದಿನವಿಡೀ ಹಾರ್ನ್ ಹೊಡೆದು ಸಾಕಾಗಿ ಮನೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಅಂದು ತಟ್ಟೆಯಿಂದ ತಲೆ ಎತ್ತಿದ.

“ಅಷ್ಟು ಜನಕ್ಕೆ ಜಾಗ ಸಾಲ್ತಾ?”

“ಎಲ್ಲಿ ಸಾಲುತ್ತೆ ರೀ? ಸಾಲಾಗಿ ನಿಂತ್ವಿ.”