ಕುರಿಗಾರ ಹುಡುಗಿಯ ಪಾರ್ಟು

ಶಾಲೆಗೆ ರಜೆ ಬಿದ್ದೊಡನೆ ಹತ್ತು ವರ್ಷದ ಅನುಸೂಯಾ ಅಜ್ಜಿಯ ಮನೆ ಬಿಟ್ಟು ಅಪ್ಪ ಅವ್ವನ ಕುರಿ ಹಿಂಡು ಸೇರಿಕೊಳ್ಳುತ್ತಾಳೆ. ಅವಳಿಗೆ ರಜೆ ಎಂದರೆ ನಡಿಗೆ. ಈ ವರ್ಷ ಮಾತ್ರ ಬೇಡಕಿಹಾಳದಲ್ಲಿ ಅದೃಷ್ಟ ಖುಲಾಯಿಸಿತು. ಅಲ್ಲಿನ ರೈತ ವಿರುಪಾಕ್ಷಪ್ಪ ಗೊಬ್ಬರಕ್ಕೆಂದು ತಮ್ಮ ಖಾಲಿ ಹೊಲದಲ್ಲಿ ಹನ್ನೆರಡು ರಾತ್ರಿ ಕುರಿ ಕೂಡ್ರಿಸಲು ಅವಳ ಅಪ್ಪ ನಾಮದೇವನೊಂದಿಗೆ ಮಾತಾಡಿಕೊಂಡಿದ್ದರು. ಹೊಲದ ಪಕ್ಕದ ಶಾಲೆಯಲ್ಲಿ ಹತ್ತು ದಿನದ ಬೇಸಿಗೆ ಶಿಬಿರ. ಬೇಲಿ ಹಿಡಿದು ಇಣುಕುತ್ತಿದ್ದ ಹುಡುಗಿಯನ್ನು ವಿರುಪಾಕ್ಷಪ್ಪನವರೇ ಒಳಗೆ ಕರೆದೊಯ್ದು ತಮ್ಮ ಮೊಮ್ಮಗಳು ಕೋಮಲಳ ಪಕ್ಕ ಕೂರಿಸಿ ಬಂದರು.

ಮೊದಲ ದಿನ ಮಕ್ಕಳು ಕುರಿವಾಸನೆ ಎಂದು ಮೂಗು ಮುಚ್ಚಿಕೊಂಡರು. ಮೂರನೇ ದಿನ ಚಂದ್ರಮತಿ ಟೀಚರ್ ನಾಟಕಕ್ಕೆ ಮಕ್ಕಳನ್ನು ಆರಿಸಿದರು. ದಾರಿ ತಪ್ಪಿದ ರಾಜನಿಗೆ ದಾರಿ ತೋರಿಸುವ ಕುರಿಗಾರ ಹುಡುಗಿಯ ಪಾರ್ಟು ಅನುಸೂಯಾಳಿಗೆ ಬಂತು. ಇನ್ಯಾರಿಗೆ ಕೊಡುತ್ತಾರೆ, ಹೇಳಿ. ಹನ್ನೊಂದು ಮಾತು ಒಂದೇ ಸಂಜೆಗೆ ಬಾಯಿಪಾಠವಾದವು. ಕುರಿಗಳೂ ಕೇಳಿ ಕೇಳಿ ಬೇಸತ್ತಿರಬೇಕು. ಕೊನೆಯ ದಿನ ಊರವರ ಮುಂದೆ ನಾಟಕ. ಅವ್ವ ಮಲಕವ್ವ ನೋಡಲು ಬರುತ್ತೇನೆಂದು ಮಾತು ಕೊಟ್ಟಿದ್ದಳು.

ಎಂಟನೇ ದಿನ ಮಧ್ಯಾಹ್ನ ವಿರುಪಾಕ್ಷಪ್ಪ ಮುಖ ಸಣ್ಣದು ಮಾಡಿಕೊಂಡು ಬಂದರು. ಕಾಲುವೆ ನೀರಿನ ಪಾಳಿ ಮುಂಚೆಯೇ ಬಂದುಬಿಟ್ಟಿದೆ, ನಾಳೆ ಬೆಳಗ್ಗೆ ಹೊಲಕ್ಕೆ ನೀರು ಬಿಡಲೇಬೇಕು, ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು ಎಂದರು. ನಾಮದೇವ ಸುತ್ತಲಿನ ರೈತರನ್ನೆಲ್ಲ ಕೇಳಿ ಬಂದ. ಎಲ್ಲರ ಹೊಲದಲ್ಲೂ ಕಬ್ಬು. ಅವನು ಗೊತ್ತುಮಾಡಿಕೊಂಡಿದ್ದ ಮುಂದಿನ ಹೊಲ ಕಬ್ಬೂರಿನಲ್ಲಿ, ಮೂರು ದಿನದ ದಾರಿ.

ಸುದ್ದಿ ಕೇಳಿ ಟೀಚರ್ ಹೊಲಕ್ಕೇ ಬಂದರು. ಹುಡುಗಿಯನ್ನು ಎರಡು ದಿನ ನನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದರು. ಅನುಸೂಯಾ ಅಪ್ಪನನ್ನೇ ನೋಡಿದಳು.

“ನಾ ಮುಂದ, ಇಕಿ ಅವ್ವ ಹಿಂದ. ಬದಿಗೆ ಯಾರ ನಿಲ್ಲಬೇಕ್ರಿ, ಅಕ್ಕೋರ? ದಾರಿ ಉದ್ದಕ್ಕ ಮಂದಿ ಬೆಳಿ ಐತಿ. ಒಂದ ಕುರಿ ಬಾಯಿ ಹಾಕಿದ್ರ ನಮ್ಮನ್ನ ಮುಂದ ಬಿಡೂದಿಲ್ರಿ.”

ಟೀಚರ್ ಹುಡುಗಿಯ ತಲೆ ನೇವರಿಸಿ ಶಾಲೆಗೆ ಮರಳಿದರು. ಅನುಸೂಯಾ ಯಾರ ಮೇಲೆ ಸಿಟ್ಟು ಮಾಡಬೇಕು? ವಿರುಪಾಕ್ಷಪ್ಪ ಒಳ್ಳೆಯವರು, ಪಾಳಿ ಅವರ ಕೈಯಲ್ಲಿಲ್ಲ, ಅಪ್ಪ ಹೇಳಿದ್ದು ಸುಳ್ಳಲ್ಲ. ಒಬ್ಬರಾದರೂ ಕೆಟ್ಟವರಿದ್ದಿದ್ದರೆ ಅನುಸೂಯಾ ಮನಸಾರೆ ಬೈದು ಅತ್ತುಬಿಡುತ್ತಿದ್ದಳು. 

ಪಾರ್ಟು ಕೋಮಲಳಿಗೆ ಹೋಯಿತು. ಕಲಿಸುವ ಕೆಲಸ ಅನುಸೂಯಾಳ ಪಾಲಿಗೆ ಬಂತು. ಕೋಮಲ ಕೋಲನ್ನು ಕಸಬರಿಗೆ ಹಿಡಿದಂತೆ ಹಿಡಿದಳು. ಹಾಗೇ ಇರಲಿ ಬಿಡು ಅಂತ ಒಂದು ಗಳಿಗೆ ಅನುಸೂಯಾಳಿಗೆ ಅನ್ನಿಸಿತು. ಆಮೇಲೆ ಹತ್ತಿರ ಹೋಗಿ ಅವಳ ಬೆರಳು ಬಿಡಿಸಿ ಸರಿಯಾಗಿ ಹಿಡಿಸಿದಳು.

ಮರುದಿನ ನಸುಕಿಗೇ ಹಿಂಡು ರಸ್ತೆಗಿಳಿಯಿತು. ಅನುಸೂಯಾ ಕಬ್ಬಿನ ಬದಿಗೆ ನಡೆದಳು. ಒಂದು ಕುರಿಯೂ ಬೆಳೆಗೆ ಬಾಯಿ ಹಾಕದಂತೆ ನೋಡಿಕೊಂಡಳು. ಹಳ್ಳದ ಬಳಿ ಕುರಿಗಳು ನೀರಿಗೆ ನಿಂತಾಗ ನಾಮದೇವ ಮಗಳ ಹತ್ತಿರ ಬಂದ. ಏನು ಮಾಡಿದರೆ ಸರಿಹೋದೀತು ಎಂದು ಅವನಿಗೂ ತಿಳಿಯದು.

“ನಿನ್ನ ಪಾರ್ಟ್ ನನ್ನ ಮುಂದರ ಹೇಳವ್ವಾ, ಕೇಳ್ತೀನಿ,” ಎಂದ.

ಅವಳು ಮೊದಲು ಒಲ್ಲೆ ಎಂದು ತಲೆ ಅಲ್ಲಾಡಿಸಿದಳು. ಆಮೇಲೆ ಕೋಲು ಊರಿ, ಕತ್ತೆತ್ತಿ, ಟೀಚರ್ ಕಲಿಸಿದಂತೆಯೇ ಗಟ್ಟಿಯಾಗಿ ಹೇಳಿದಳು:

“ಮಹಾರಾಜರೇ, ತಾವು ಯಾವ ಊರಿಗೆ ಹೋಗಬೇಕು?”

ಇನ್ನು ರಾಜ ಮಾತಾಡಬೇಕು. ಅವಳು ಅಪ್ಪನ ಮುಖ ನೋಡುತ್ತ ಕಾದಳು. ನಾಮದೇವ ಬಾಯಿ ತೆರೆದ. ಅವನಿಗೆ ಆ ಮಾತು ಗೊತ್ತಿರಲಿಲ್ಲ.